ಬೆಟ್ಟ ಉಳಿಸಲು ಹೊರಟಿದ್ದೀರಾ? ಮೊದಲು ಗುದ್ದಲಿ ಕೆಳಗಿಡಿ

ಜೂನ್ 5, ಪರಿಸರ ದಿನ ಬಂತೆಂದರೆ ನಮ್ಮ ಕಡೆ ಟೆಂಪೊ ತುಂಬ ಸಸಿ ಬರುತ್ತದೆ. ಬ್ಯಾನರ್ ಕಟ್ಟುತ್ತೇವೆ. ಗುಂಡಿ ತೋಡಿ ಸಸಿ ನೆಡುತ್ತೇವೆ, ಫೋಟೊ ತೆಗೆಸಿಕೊಂಡು ಅವಲಕ್ಕಿ ತಿಂದು ಮನೆಗೆ ಬರುತ್ತೇವೆ. ಶಿರಸಿ ಸೀಮೆಯ ನಮ್ಮ ಸಣ್ಣ ಊರಲ್ಲಿ ನಾವೂ ಮೂರು ವರ್ಷ ಹೀಗೇ ಮಾಡಿದೆವು. ಮೊದಲ ವರ್ಷದ ಸಸಿಗಳನ್ನು ದನ ತಿಂದವು. ಎರಡನೇ ವರ್ಷದವು ಮಾರ್ಚ್ ತಿಂಗಳ ಬೆಂಕಿಗೆ ಹೋದವು. ಮೂರನೇ ವರ್ಷ ನೆಟ್ಟದ್ದು ಎಲ್ಲಿ ಅನ್ನೋದೇ ದೀಪಾವಳಿ ಹೊತ್ತಿಗೆ ಯಾರಿಗೂ ನೆನಪಿರಲಿಲ್ಲ.

ಬೇಸರ ಬಂದು ಮುಂದಿನ ವರ್ಷ ಏನೂ ನೆಡಲಿಲ್ಲ. ಬೆಟ್ಟದ ಒಂದು ಮಗ್ಗುಲಿಗೆ ಬೆಂಕಿ ಬೀಳದ ಹಾಗೆ ಕಾದೆವು, ಅಷ್ಟೇ. ಮಳೆ ಹಿಡಿದ ಮೇಲೆ ಹೋಗಿ ನೋಡಿದರೆ ಹೊನ್ನೆ, ಮತ್ತಿ, ನೇರಳೆ ಮೊಣಕಾಲೆತ್ತರ ಎದ್ದಿವೆ. ಸತ್ತೇ ಹೋಯಿತು ಅಂದುಕೊಂಡಿದ್ದ ಹಳೆ ಬೊಡ್ಡೆಗಳೂ ಚಿಗುರಿದ್ದವು. ಬೇರು ನೆಲದಲ್ಲಿ ಇದ್ದೇ ಇತ್ತು. ವರ್ಷ ವರ್ಷ ಸುಟ್ಟು, ಮೇಯಿಸಿ ಅದಕ್ಕೆ ತಲೆ ಎತ್ತಲು ಬಿಟ್ಟಿರಲಿಲ್ಲ ನಾವು.

1983ರ ಸೆಪ್ಟೆಂಬರ್ 8ರಂದು ನಮ್ಮದೇ ತಾಲ್ಲೂಕಿನ ಸಾಲ್ಕಣಿಯ ಜನ ಹತ್ತಿರದ ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಅದರ ಘೋಷಣೆ ಈಗಲೂ ಮಕ್ಕಳ ಬಾಯಲ್ಲಿದೆ: ಉಳಿಸು, ಬೆಳೆಸು, ಬಳಸು. ಆ ಮೂರು ಮಾತಿನ ಕ್ರಮ ನೋಡಿ. ‘ಉಳಿಸು’ ಮೊದಲಿದೆ. ನಾವು ಎರಡನೆಯದರಿಂದ ಶುರು ಮಾಡಿದ್ದೆವು.

ಹಾಗಾಗಿ ಈ ಬರಹದಲ್ಲಿ ಗಿಡ ನೆಡುವ ಮಾತು ಬರುವುದು ಆರನೇ ಹೆಜ್ಜೆಯಲ್ಲಿ. ಇದು ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ಒಣ ಎಲೆ ತರುವ ಗುಡ್ಡ), ಅಡಿಕೆ ತೋಟ, ಕೊಟ್ಟಿಗೆ, ಒಂದು ಹಳ್ಳ ಇರುವ ಮಲೆನಾಡಿನ ಊರಿಗೆ ಬರೆದದ್ದು. ಬೇರೆ ಕಡೆಯವರು ತಿಂಗಳು ಮತ್ತು ಗಿಡದ ಹೆಸರು ಬದಲಾಯಿಸಿಕೊಳ್ಳಿ.

1. ಏಪ್ರಿಲ್‌ನಲ್ಲಿ ಒಂದು ಸುತ್ತು ಬನ್ನಿ

ಮಳೆಗಾಲದಲ್ಲಿ ಎಲ್ಲ ಬೆಟ್ಟವೂ ಚೆಂದವೇ. ಬೆಟ್ಟದ ನಿಜವಾದ ಸ್ಥಿತಿ ಕಾಣಬೇಕಾದರೆ ಏಪ್ರಿಲ್‌ನಲ್ಲಿ ಹೋಗಬೇಕು. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಮುಗಿಸಿ.

ಯಾರನ್ನು ಕರೆದುಕೊಂಡು ಹೋಗುತ್ತೀರಿ ಅನ್ನೋದು ಮುಖ್ಯ. ಸಂಘದ ಅಧ್ಯಕ್ಷರು ಬಂದರೆ ಬರಲಿ, ಅಡ್ಡಿಯಿಲ್ಲ. ಆದರೆ ಕಟ್ಟಿಗೆ ತರುವ ಹೆಂಗಸರು, ದನ ಕಾಯುವವರು, ಜೇನು ಇಳಿಸುವವರು, ಉಪ್ಪಾಗೆ ಎಂಬ ಹುಳಿ ಕಾಡುಹಣ್ಣು ಆರಿಸುವವರು ಬರಲೇಬೇಕು. ಯಾವ ಒರತೆ ಯಾವ ತಿಂಗಳಲ್ಲಿ ಬತ್ತುತ್ತದೆ, ಬೆಂಕಿ ಪ್ರತಿವರ್ಷ ಯಾವ ದಿಕ್ಕಿನಿಂದ ಬರುತ್ತದೆ, ಇದೆಲ್ಲ ಗೊತ್ತಿರುವುದು ಅವರಿಗೆ. ನಾನು ಹುಟ್ಟಿ ಬೆಳೆದ ಬೆಟ್ಟದಲ್ಲೇ ನನಗೆ ಗೊತ್ತಿಲ್ಲದ ಎರಡು ಒರತೆಗಳನ್ನು ತೋರಿಸಿದವರು ಕಟ್ಟಿಗೆ ಹೊರುವ ಒಬ್ಬ ಅಜ್ಜಿ.

ಒಂದು ದೊಡ್ಡ ಹಾಳೆಯಲ್ಲಿ ಊರಿನ ನಕ್ಷೆ ಬರೆದುಕೊಳ್ಳಿ. ಅಂದವಾಗಿ ಇರಬೇಕಿಲ್ಲ. ಹಳ್ಳ, ಒರತೆ, ಕೆರೆ, ಕಾನು (ಹಳೆಯ ದಟ್ಟ ಕಾಡು), ಬ್ಯಾಣ (ಹುಲ್ಲುಗಾವಲು), ದನದ ದಾರಿ, ಬೆಂಕಿ ಬರುವ ದಾರಿ ಇಷ್ಟು ಇದ್ದರೆ ಸಾಕು. ಆಮೇಲೆ ಪ್ರತಿ ತುಂಡು ಜಾಗದ ಪಹಣಿ ತೆಗೆಸಿ ಸರ್ವೆ ನಂಬರ್ ಬರೆದಿಡಿ. ಇದು ಬೇಜಾರಿನ ಕೆಲಸ, ಆದರೆ ಬಿಡಬೇಡಿ. ಉತ್ತರ ಕನ್ನಡದ ಘಟ್ಟದ ಮೇಲೆ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದಿಂದ ಬಂದ ವ್ಯವಸ್ಥೆ. ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು ನಮ್ಮದು. ನೆಲ ಅರಣ್ಯ ಇಲಾಖೆಯದು. ಎಲ್ಲಿ ನಿಮ್ಮ ಕೈ ಆಡುತ್ತದೆ, ಎಲ್ಲಿ ಇಲಾಖೆಯನ್ನು ಕೇಳಬೇಕು ಅನ್ನೋದು ಮೊದಲೇ ಗೊತ್ತಿದ್ದರೆ ಮುಂದೆ ಜಗಳ ಇಲ್ಲ.

2. ಬಕೆಟ್ ಮತ್ತು ಮೊಬೈಲ್

ಅದೇ ಏಪ್ರಿಲ್‌ನಲ್ಲಿ ಒರತೆಯ ನೀರು ಅಳೆಯಿರಿ. 10 ಲೀಟರ್ ಬಕೆಟ್ ಒಡ್ಡಿ, ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಮೊಬೈಲಿನಲ್ಲಿ ನೋಡಿ. ನೀರು ಮೇಲಿಂದ ಧಾರೆಯಾಗಿ ಬೀಳುವ ಅಬ್ಬಿ ಇದ್ದರೆ ಸುಲಭ. ಇಲ್ಲದಿದ್ದರೆ ಅಡಿಕೆ ಮರ ಸೀಳಿದ ದಬ್ಬೆ ಇಟ್ಟು ನೀರನ್ನು ಒಂದೇ ಧಾರೆ ಮಾಡಿಕೊಳ್ಳಿ. 40 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 15 ಲೀಟರ್, ದಿನಕ್ಕೆ 21,600 ಲೀಟರ್. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ತಾರೀಕು, ಜಾಗ, ಲೆಕ್ಕ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿರಲಿ.

ಈ ನೋಟ್‌ಬುಕ್ ಇಲ್ಲದಿದ್ದರೆ ಐದು ವರ್ಷ ಆದಮೇಲೆ ‘ನೀರು ಜಾಸ್ತಿ ಆಗಿದೆ’ ಅಂತ ನೀವು, ‘ಏನೂ ಆಗಿಲ್ಲ’ ಅಂತ ಇನ್ನೊಬ್ಬರು ಸುಮ್ನೆ ವಾದ ಮಾಡುತ್ತ ಕೂರಬೇಕಾಗುತ್ತದೆ.

3. ಸಭೆ: ನಿಯಮ ಕಡಿಮೆ ಇರಲಿ

ಮೊದಲ ಸಭೆಯನ್ನು ಯಾರದೋ ಮನೆಯ ಜಗಲಿಯಲ್ಲಿ ಮಾಡಬೇಡಿ. ಆ ಜಗಲಿ ಹತ್ತಲು ಹಿಂಜರಿಯುವವರು ಊರಲ್ಲಿ ಇದ್ದೇ ಇರುತ್ತಾರೆ, ಮತ್ತು ಬೆಟ್ಟವನ್ನು ಹೆಚ್ಚು ನಂಬಿದವರು ಅವರೇ. ಶಾಲೆಯ ವರಾಂಡ ಒಳ್ಳೆಯದು. ಹಾಲು ಕರೆಯುವ ಹೊತ್ತು ಬಿಟ್ಟು ಸಮಯ ಇಡಿ. ಇಲ್ಲದಿದ್ದರೆ ಹೆಂಗಸರು ಬರುವುದಿಲ್ಲ. ಅಡಿಕೆ ಕೊನೆಕೊಯ್ಲಿನ ಗಡಿಬಿಡಿಯಲ್ಲಂತೂ ಸಭೆ ಬೇಡವೇ ಬೇಡ.

ನಕ್ಷೆಯನ್ನು ಗೋಡೆಗೆ ಹಚ್ಚಿ. ಭಾಷಣ ಬೇಡ. ‘ಇಲ್ಲಿ ನೀರು ಯಾವಾಗ ಬತ್ತಿತು?’ ಎಂದು ಒಂದೇ ಪ್ರಶ್ನೆ ಕೇಳಿ ಸುಮ್ಮನಿರಿ. ಮಾತು ತಾನಾಗಿ ಹೊರಡುತ್ತದೆ.

ನಮ್ಮಲ್ಲಿ ಮೊದಲ ಸಲ ಹದಿನಾಲ್ಕು ನಿಯಮ ಬರೆದೆವು. ಒಂದೂ ನಿಲ್ಲಲಿಲ್ಲ. ಈಗ ಉಳಿದಿರುವುದು ನಾಲ್ಕು. ಬೆಟ್ಟಕ್ಕೆ ಬೆಂಕಿ ಹಾಕಬಾರದು. ಸೊಪ್ಪು ಕೊಯ್ಯುವಾಗ ಮರದ ತುದಿ ಮುಟ್ಟಬಾರದು, ಕೆಳಗಿನ ಟೊಂಗೆ ಮಾತ್ರ. ಬೆಟ್ಟದ ಒಂದು ಭಾಗ ಮೂರು ವರ್ಷ ಪೂರ್ತಿ ಮುಚ್ಚಿರುತ್ತದೆ, ಅಲ್ಲಿ ದನವೂ ಇಲ್ಲ, ಕತ್ತಿಯೂ ಇಲ್ಲ. ಉಪ್ಪಾಗೆಯನ್ನು ಹಣ್ಣಾಗುವ ಮೊದಲು ಕೊಯ್ಯಬಾರದು, ಟೊಂಗೆ ಕಡಿದು ಉದುರಿಸಬಾರದು.

ಈ ನಾಲ್ಕನೆಯದಕ್ಕೆ ಜಗಳ ಜಾಸ್ತಿ. ನಾನು ಕಾದರೆ ಪಕ್ಕದವನು ಕೊಯ್ಯುತ್ತಾನೆ ಎಂಬ ಹೆದರಿಕೆಯಿಂದಲೇ ಎಲ್ಲರೂ ಕಾಯಿ ಇರುವಾಗ ಕೊಯ್ಯುವುದು. ಅದಕ್ಕೆ ಇಡೀ ಊರಿಗೆ ಒಂದೇ ತಾರೀಕು ಇಟ್ಟುಕೊಂಡರೆ ಅರ್ಧ ಸಮಸ್ಯೆ ಮುಗಿಯಿತು. ಸಿಂಗಳೀಕಗಳಿಗೂ ಈ ಹಣ್ಣು ಬೇಕು. ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಿನಲ್ಲಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಮಾಡಿದ್ದು ಅವುಗಳಿಗಾಗಿಯೇ.

ದಂಡದ ವಿಷಯಕ್ಕೆ ಬರೋಣ. ನಾವು ತಪ್ಪಿಗೆ 500 ರೂಪಾಯಿ ಎಂದು ಬರೆದೆವು. ಮೊದಲು ಸಿಕ್ಕಿಬಿದ್ದವರು ಊರಿಗೇ ಹಿರಿಯರು. ಅವರ ಮನೆಗೆ ಹೋಗಿ ದುಡ್ಡು ಕೇಳುವವರು ಯಾರು? ಯಾರೂ ಹೋಗಲಿಲ್ಲ. ಎರಡನೆಯವನು ಕೂಲಿ ಮಾಡುವ ಹುಡುಗ. ‘ಅವ್ರ ಹತ್ರ ತಗಂಡ್ರಾ? ಹಾಗಾರೆ ನನ್ನತ್ರ ಕೇಳೂಕೆ ಬರಬೇಡಿ’ ಅಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆಮೇಲೆ ದುಡ್ಡಿನ ದಂಡ ಕಿತ್ತುಹಾಕಿ, ತಪ್ಪು ಮಾಡಿದವರು ಬೆಂಕಿ ಗೆರೆ (ಬೆಂಕಿ ದಾಟದ ಹಾಗೆ ಬಿಡುವ ಬೋಳು ಪಟ್ಟಿ) ಸವರಲು ಎರಡು ದಿನ ಬರಬೇಕು ಎಂದು ಮಾಡಿದೆವು. ಹಿರಿಯರು ಕತ್ತಿ ಹಿಡಿದು ಬಂದರು. ಅವರ ಕೆಲಸ ನಮ್ಮೆಲ್ಲರಿಗಿಂತ ಚೊಕ್ಕವಾಗಿತ್ತು.

4. ಜನವರಿಯ ಬೆಂಕಿ ಗೆರೆ

ಎಲ್ಲ ಹೆಜ್ಜೆಗಳಲ್ಲಿ ಒಂದನ್ನೇ ಮಾಡುತ್ತೇವೆ ಎನ್ನುವವರು ಇದನ್ನು ಮಾಡಿ.

ಫೆಬ್ರುವರಿಯಿಂದ ಮೇ ತನಕ ಬೆಂಕಿಯ ಕಾಲ. ಗೆರೆ ಜನವರಿ ಕೊನೆಯೊಳಗೆ ಮುಗಿಯಬೇಕು. ತೀರಾ ಮುಂಚೆ ಮಾಡಿದರೆ ಉದುರುವ ಎಲೆ ಮತ್ತೆ ತುಂಬಿಕೊಳ್ಳುತ್ತದೆ. ಹೇಗಿದ್ದರೂ ಮಾರ್ಚ್‌ನಲ್ಲಿ ಒಮ್ಮೆ ಗುಡಿಸಲೇಬೇಕು.

ಗೆರೆ 10ರಿಂದ 15 ಅಡಿ ಅಗಲ ಇರಲಿ. ಈಗಾಗಲೇ ಇರುವ ಕಾಲುದಾರಿ, ಗಾಡಿ ರಸ್ತೆ, ಅಗಳ (ಕಂದಕ), ಹಳ್ಳದ ದಂಡೆಯನ್ನೇ ಆಧಾರ ಮಾಡಿಕೊಂಡರೆ ಕೆಲಸ ಅರ್ಧವಾಗುತ್ತದೆ. ಕರಡ (ಒಣಹುಲ್ಲು) ಮತ್ತು ಜಿಗ್ಗು (ಕುರುಚಲು) ಮಾತ್ರ ಸವರಿ. ಮರ, ಮರದ ಸಸಿ ಮುಟ್ಟಬೇಡಿ. ಕಮ್ಯುನಿಸ್ಟ್ ಗಿಡ ಮತ್ತು ಲಂಟಾನ ಕಳೆ ಇದ್ದರೆ ಬುಡಸಮೇತ ಕೀಳಿ, ಒಣಗಿದಾಗ ಅವುಗಳಷ್ಟು ಚೆನ್ನಾಗಿ ಉರಿಯುವುದು ಬೇರೆ ಇಲ್ಲ. ಸವರಿದ್ದನ್ನು ಮುಚ್ಚಿದ ಜಾಗದ ಕಡೆ ರಾಶಿ ಹಾಕಬೇಡಿ. ದರಕನ್ನು ಕೊಟ್ಟಿಗೆಗೆ ಒಯ್ಯಿರಿ. ಹೀಗೆ ಗೆರೆಯ ಕೆಲಸ ಮತ್ತು ಗೊಬ್ಬರದ ಕೆಲಸ ಒಟ್ಟಿಗೇ ಆಗುತ್ತದೆ. ಗೆರೆ ಮಾಡಲು ಅಂತ ನೀವೇ ಬೆಂಕಿ ಹಾಕುವ ಸಾಹಸ ಮಾತ್ರ ಬೇಡ. ಇಲಾಖೆಯವರು ಅದನ್ನು ಮಾಡುತ್ತಾರೆ, ಅವರಿಗೆ ಬಿಡಿ. ಕೆಲಸ ಶುರು ಮಾಡುವ ಮೊದಲು ಗಾರ್ಡ್‌ಗೆ ಹೇಳಿ. ಹೇಳದೆ ಕತ್ತಿ ಹಿಡಿದು ಹೋದರೆ ಒಳ್ಳೆಯ ಕೆಲಸಕ್ಕೂ ಕೇಸು ಬೀಳಬಹುದು.

ಬೆಂಕಿ ಯಾರು ಹಾಕುತ್ತಾರೆ? ಇದನ್ನು ಸಭೆಯಲ್ಲಿ ಕೇಳಿದರೆ ಎಲ್ಲರೂ ಪಕ್ಕದ ಊರಿನ ಕಡೆ ಕೈ ತೋರಿಸುತ್ತಾರೆ. ಒಬ್ಬೊಬ್ಬರ ಹತ್ತಿರ ಕೂತು ಮಾತಾಡಿದರೆ ಕಾರಣ ತಿಳಿಯುತ್ತದೆ. ಬ್ಯಾಣ ಸುಟ್ಟರೆ ದನಕ್ಕೆ ಎಳೆ ಹುಲ್ಲು ಬೇಗ ಚಿಗುರುತ್ತದೆ. ಜೇನು ಇಳಿಸುವವರ ಸೂಡಿಯ (ಪಂಜಿನ) ಕಿಡಿ ಬೀಳುತ್ತದೆ. ಬೀಡಿ ಇದೆ, ಶಿಕಾರಿ ಇದೆ. ತೋಟದ ಅಂಚು ಸುಡಲು ಹೋಗಿ ಕೈ ಮೀರುವುದೂ ಇದೆ. ಪ್ರತಿ ಕಾರಣಕ್ಕೂ ಬೇರೆ ಪರಿಹಾರ ಬೇಕು. ನಮ್ಮಲ್ಲಿ ದನದ ಹುಲ್ಲಿಗಾಗಿ ಬೆಟ್ಟದ ಕೆಳಗಿನ ಬ್ಯಾಣ ಬಿಟ್ಟುಕೊಟ್ಟೆವು. ಅಲ್ಲಿ ಸುಡುವ ಬದಲು ಕರಡ ಕೊಯ್ದು ಒಯ್ಯುತ್ತಾರೆ. ಪಕ್ಕದ ಊರಿನವರ ಜೊತೆಗೂ ಒಂದು ಸಲ ಚಹಾ ಕುಡಿಯಲು ಕೂರಿ. ಬೆಂಕಿಗೆ ಗಡಿ ಗೊತ್ತಿಲ್ಲ ಅಲ್ವಾ?

ಇಷ್ಟೆಲ್ಲ ಮಾಡಿದರೂ ಬೆಂಕಿ ಬೀಳುತ್ತದೆ. ಅದಕ್ಕೆ ತಯಾರಿರಿ. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೊ ಔಷಧ ಹೊಡೆಯುವ ಬೆನ್ನಿನ ಪಂಪುಗಳು ಪ್ರತಿ ಮನೆಯಲ್ಲೂ ಮೂಲೆ ಸೇರಿರುತ್ತವೆ. ಅವನ್ನು ಚೆನ್ನಾಗಿ ತೊಳೆದು, ನೀರು ತುಂಬಿ, ಒಂದೇ ಕಡೆ ಇಡಿ. ಹಸಿ ಸೊಪ್ಪಿನ ಟೊಂಗೆಯಿಂದ ಬಡಿಯುವುದು ಈಗಲೂ ಒಳ್ಳೆಯ ಉಪಾಯವೇ. ಪಂಪು ಹಿಂದಿನಿಂದ ಆರಿಸುತ್ತ ಬರಲಿ. ಗುಡ್ಡದ ಮೇಲ್ಮುಖವಾಗಿ ಬೆಂಕಿ ಓಡುತ್ತದೆ, ಹಾಗಾಗಿ ಬೆಂಕಿಯ ಮೇಲುಗಡೆ ಯಾರೂ ನಿಲ್ಲಬಾರದು. ಹತ್ತಿ ಬಟ್ಟೆ ಹಾಕಿ, ನೈಲಾನ್ ಬೇಡ. ಮಕ್ಕಳನ್ನು ಕರೆದೊಯ್ಯಬೇಡಿ. ಗಾರ್ಡ್ ಮತ್ತು ಫಾರೆಸ್ಟರ್ ನಂಬರು ಪ್ರತಿ ಮನೆಯ ಗೋಡೆ ಮೇಲೂ ಬರೆದಿರಲಿ. ನಮ್ಮ ಕಡೆ ಮೊಬೈಲಿಗೆ ಸಿಗ್ನಲ್ ಸಿಗುವ ಜಾಗ ಎರಡೇ, ಅದನ್ನೂ ನಕ್ಷೆಯಲ್ಲಿ ಗುರುತು ಮಾಡಿದ್ದೇವೆ!

5. ದರಕು ಎಷ್ಟು ತರಬೇಕು?

ಅಡಿಕೆ ಬೆಳೆಗಾರರಿಗೆ ಇದು ಕಹಿ ಮಾತು. ಬೆಟ್ಟವನ್ನು ಕೋಣೆ ಗುಡಿಸಿದ ಹಾಗೆ ಗುಡಿಸಿದರೆ ಅಲ್ಲಿ ನೀರೂ ಇಂಗುವುದಿಲ್ಲ, ಬೀಜವೂ ಹುಟ್ಟುವುದಿಲ್ಲ. ಲೆಕ್ಕ ನೋಡಿ. ಒಂದು ಎಕರೆ ಬೆಟ್ಟದ ಮೇಲೆ ವರ್ಷಕ್ಕೆ 2500 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 1 ಕೋಟಿ ಲೀಟರ್ ನೀರು. ಅಷ್ಟು ನೀರು ಬರಿ ಮಣ್ಣಿನ ಮೇಲೆ ಬಿದ್ದರೆ ಮಣ್ಣನ್ನೂ ಹೊತ್ತುಕೊಂಡು ಹಳ್ಳಕ್ಕೆ ಹೋಗುತ್ತದೆ. ದರಕಿನ ಮೇಲೆ ಬಿದ್ದರೆ ನಿಧಾನವಾಗಿ ಇಳಿಯುತ್ತದೆ.

ಒಂದು ಸಾಲು ಗುಡಿಸಿ ಇನ್ನೊಂದು ಸಾಲು ಬಿಡಿ. ಅಥವಾ ಈ ವರ್ಷ ಬೆಟ್ಟದ ಅರ್ಧ, ಮುಂದಿನ ವರ್ಷ ಉಳಿದರ್ಧ. ಒರತೆಯ ಮೇಲ್ಭಾಗದಲ್ಲಿ ಮಾತ್ರ ಎಂದೂ ಗುಡಿಸಬೇಡಿ. ಕೊರತೆ ತುಂಬಲು ತೋಟದ ಬೇಲಿಗುಂಟ ಗ್ಲಿರಿಸಿಡಿಯಾ ಹಾಕಿ. ಗೂಟ ಊರಿದರೆ ಸಾಕು, ಚಿಗುರುತ್ತದೆ. ಸೊಪ್ಪು ಕೈಗೆಟುಕುವಲ್ಲೇ ಸಿಗುವುದರಿಂದ ಹೊರುವ ಶ್ರಮವೂ ಉಳಿಯಿತು.

ಇಲ್ಲಿ ಒಂದು ಎಚ್ಚರಿಕೆ. ದರಕಿನ ಕಾಲ ಮತ್ತು ಮಂಗನ ಕಾಯಿಲೆಯ ಕಾಲ ಎರಡೂ ಒಂದೇ. ಈ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ (ರಕ್ತ ಹೀರುವ ಉಣ್ಣೆ). ಬೆಟ್ಟಕ್ಕೆ ಹೋಗುವ ಮೊದಲು ಆಶಾ ಕಾರ್ಯಕರ್ತೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಉದ್ದ ತೋಳಿನ ಅಂಗಿ ಹಾಕಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆ ಜಾಗಕ್ಕೆ ದರಕಿಗೂ ಹೋಗಬೇಡಿ, ದನವನ್ನೂ ಬಿಡಬೇಡಿ. ಬೆಟ್ಟದಿಂದ ಬಂದವರಿಗೆ ಜೋರು ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ.

6. ಈಗ ಬೀಜ

ಬೆಂಕಿ ಮತ್ತು ದನ ನಿಂತ ಮೇಲೆ ಒಂದು ಮಳೆಗಾಲ ಸುಮ್ಮನೆ ಕಾಯಿರಿ. ತಾನಾಗಿ ಏನೇನು ಬಂತು ನೋಡಿ. ಬಂದದ್ದನ್ನು ಮತ್ತೆ ನೆಡಬೇಕಿಲ್ಲ. ಬಾರದ್ದನ್ನು ಮಾತ್ರ ತರಬೇಕು.

ಸಸಿಗಿಂತ ಬೀಜ ಒಳ್ಳೆಯದು ಎಂಬುದು ನನ್ನ ಅನುಭವ. ಪ್ಲಾಸ್ಟಿಕ್ ಚೀಲದಲ್ಲಿ ಬೇರು ಸುತ್ತಿಕೊಂಡ ಸಸಿ ಬೇಸಿಗೆ ತಡೆಯುವುದು ಕಷ್ಟ. ಹಲಸು, ಅಪ್ಪೆಮಾವು, ನೇರಳೆ, ರಾಮಪತ್ರೆ ಇವುಗಳ ಬೀಜ ಒಣಗಿಸಿ ಇಡುವಂಥವಲ್ಲ. ಹಣ್ಣು ತಿಂದ ವಾರದೊಳಗೆ ನೆಲಕ್ಕೆ ಹೋಗಬೇಕು. ಬೀಜವನ್ನು ಬಯಲಲ್ಲಿ ಹಾಕದೆ ಮುಳ್ಳುಪೊದೆಯ ಬುಡದಲ್ಲಿ, ಬೆರಳುದ್ದದ ಆಳದಲ್ಲಿ ಊರಿ. ಮುಳ್ಳು ದನಕ್ಕೆ ಬೇಲಿ, ಎಳೆ ಗಿಡಕ್ಕೆ ನೆರಳು. ಪೊದೆ ಮೀರಿ ಎದ್ದ ಮೇಲೆ ಗಿಡವೇ ತನ್ನ ದಾರಿ ನೋಡಿಕೊಳ್ಳುತ್ತದೆ.

ಹಳ್ಳದ ದಂಡೆಗೆ ಮುಂಡಿಗೆ ಮತ್ತು ವಾಟೆ. ಮಣ್ಣು ಹಿಡಿಯುವುದರಲ್ಲಿ ಅವುಗಳನ್ನು ಮೀರಿಸುವುದು ಬೇರೆ ಇಲ್ಲ. ಒಳಗಿನ ಬೆಟ್ಟಕ್ಕೆ ಉಪ್ಪಾಗೆ, ಮುರುಗಲು, ವಾಟೆಹುಳಿ, ಹೊನ್ನೆ, ಮತ್ತಿ. ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳಿರುವ ಜೌಗು) ಇದ್ದರೆ ಅಲ್ಲಿ ಏನೂ ಮಾಡಬೇಡಿ. ಕಾಲುವೆ ತೋಡಿ ನೀರು ಬಸಿಯಬೇಡಿ, ಅದೇ ದೊಡ್ಡ ಉಪಕಾರ.

ಹೊರಗಿನಿಂದ ತಂದು ನೆಟ್ಟ ಅಕೇಶಿಯಾದ ದೊಡ್ಡ ಮರ ಕಡಿಯಲು ನಮಗೆ ಅಧಿಕಾರ ಇಲ್ಲ. ಆದರೆ ಅದರ ಮರಿ ಬೆಟ್ಟದ ತುಂಬ ಹುಟ್ಟುತ್ತದೆ. ಮೊದಲ ಮಳೆ ಬಿದ್ದು ನೆಲ ಮೆತ್ತಗಾದಾಗ ಒಂದಡಿ ಎತ್ತರದ್ದನ್ನು ಕೈಯಲ್ಲೇ ಕಿತ್ತುಬಿಡಬಹುದು. ಎರಡು ವರ್ಷ ಬಿಟ್ಟರೆ ಕೊಡಲಿ ಬೇಕು, ಕೊಡಲಿಗೆ ಪರವಾನಗಿ ಬೇಕು.

7. ಇಂಗುಗುಂಡಿ: ಸ್ವಲ್ಪ ತಡೆಯಿರಿ

ಜೆಸಿಬಿ ತರಿಸಿ ಬೆಟ್ಟದ ತುಂಬ ಗುಂಡಿ ಹೊಡೆಸುವ ಉತ್ಸಾಹ ಈಗ ಎಲ್ಲ ಕಡೆ ಇದೆ. ನನಗೆ ಭಯ. ಕಡಿದಾದ ಇಳಿಜಾರಿನಲ್ಲಿ, ಮನೆ ಅಥವಾ ರಸ್ತೆಯ ಮೇಲ್ಭಾಗದಲ್ಲಿ, ಮಣ್ಣು ಒಮ್ಮೆ ಜಾರಿದ ಜಾಗದಲ್ಲಿ ಗುಂಡಿ ಬೇಡ. ನಮ್ಮ ಮಣ್ಣು ನೀರು ಕುಡಿದು ಭಾರವಾದರೆ ಏನಾಗುತ್ತದೆ ಎಂಬುದನ್ನು 2018ರಲ್ಲಿ ಕೊಡಗಿನ, 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯ ಗುಡ್ಡ ಕುಸಿತಗಳು ತೋರಿಸಿವೆ.

ಹೆಚ್ಚುಕಡಿಮೆ ಸಮತಟ್ಟಾದ ಬ್ಯಾಣದಲ್ಲಿ ಸಣ್ಣ ಗುಂಡಿ ತೋಡಬಹುದು. 10 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಆಳ. ಒಮ್ಮೆ ತುಂಬಿದರೆ ಸುಮಾರು 850 ಲೀಟರ್ ಹಿಡಿಯುತ್ತದೆ. ಇಳಿಜಾರಿಗೆ ಅಡ್ಡವಾಗಿರಲಿ, ತೆಗೆದ ಮಣ್ಣು ಕೆಳಬದಿಗೆ ಬರಲಿ. ಇದಕ್ಕಿಂತ ಲಾಭದ್ದು ಹೂಳು ತುಂಬಿದ ಹಳೆ ಕೆರೆ. ಹಿರಿಯರು ಆ ಜಾಗವನ್ನು ಸುಮ್ನೆ ಆರಿಸಿರಲಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಹಳ್ಳಕ್ಕೆ ಕಲ್ಲು, ಮರಳುಚೀಲದ ಕಟ್ಟ ಕಟ್ಟಿ, ಮಳೆಗೆ ಮುಂಚೆ ಬಿಚ್ಚಿಬಿಡಿ.

8. ಕಾಗದಪತ್ರ

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯೊಳಗೆ ಮುಗಿಸಿ ಎಂದು ಗಡುವು ಕೊಟ್ಟಾಗ ಎಷ್ಟೋ ಕಡೆ ಗಡಿಬಿಡಿಯಲ್ಲಿ ತಯಾರಾದ ಪುಸ್ತಕಗಳವು. ಪಂಚಾಯಿತಿಗೆ ಹೋಗಿ ನಿಮ್ಮ ಊರಿನದನ್ನು ಕೇಳಿ, ಓದಿ. ನಿಮ್ಮ ಅಪ್ಪೆಮಿಡಿ ತಳಿಗಳು, ಜಡ್ಡಿ, ಕಾನು ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಲಿಖಿತವಾಗಿ ಕೊಡಿ. ಮುಂದೆ ರಸ್ತೆಯೋ ವಿದ್ಯುತ್ ಲೈನೋ ಬಂದಾಗ ತೋರಿಸಲು ಒಂದು ದಾಖಲೆ ಇರುತ್ತದೆ.

ಹಳೆಯ ಕಾನು ಇದ್ದರೆ ಜೀವವೈವಿಧ್ಯ ಪಾರಂಪರಿಕ ತಾಣ ಮಾಡಲು ಪಂಚಾಯಿತಿ ಮೂಲಕ ಕೇಳಬಹುದು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಹಾಗೆ ಆಯಿತು, ದೇಶದಲ್ಲೇ ಮೊದಲನೆಯದು. ಗ್ರಾಮ ಅರಣ್ಯ ಸಮಿತಿ ನಿಮ್ಮಲ್ಲಿ ಹೆಸರಿಗೆ ಮಾತ್ರ ಇದ್ದರೆ ಹೊಸ ಸಂಘ ಕಟ್ಟುವ ಬದಲು ಅದರ ಸಭೆಯನ್ನೇ ಕರೆಸಿ. ಊರಿಗೊಂದು ಸಂಘ ಸಾಕು.

9. ಒಲೆಯ ವಿಷಯ

ಅಡಿಕೆ ಬೇಯಿಸಲು, ಬಚ್ಚಲ ಹಂಡೆಗೆ, ಮಳೆಯಲ್ಲಿ ಉಪ್ಪಾಗೆ ಸಿಪ್ಪೆ ಒಣಗಿಸಲು ಹೋಗುವ ಕಟ್ಟಿಗೆ ಅಡುಗೆಗಿಂತ ಜಾಸ್ತಿ. ಗೋಬರ್ ಗ್ಯಾಸ್ ಇರುವವರು ಅಡುಗೆ ಮನೆ ನೋಡಿ ಸಮಾಧಾನ ಪಟ್ಟುಕೊಳ್ಳುತ್ತಾರೆ, ಬಚ್ಚಲು ಮರೆಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ, ಕಡಿಮೆ ಕಟ್ಟಿಗೆ ಸಾಕಾಗುವ ಅಸ್ತ್ರ ಒಲೆ ನಮ್ಮ ಕಡೆ ಹಳೆಯ ಪರಿಚಯ. ಹಂಡೆಗೂ ಅಡಿಕೆ ಬೇಯಿಸುವ ಕಡಾಯಿಗೂ ಆ ಬಗೆಯ ಒಲೆ ಕಟ್ಟುವವರು ಇದ್ದಾರೆ. ಹತ್ತು ಮನೆಯವರು ಸೇರಿ ಒಟ್ಟಿಗೆ ಕರೆಸಿದರೆ ಖರ್ಚು ಇಳಿಯುತ್ತದೆ.

10. ‘ಕಾಡು ಬೆಳೆಸಿ, ಹಂದಿ ತಂದ್ರಿ’

ಈ ಮಾತು ಬಂದೇ ಬರುತ್ತದೆ. ಸುಳ್ಳು ಎನ್ನಬೇಡಿ. ಹಂದಿ, ಮಂಗ ತೋಟ ಹಾಳು ಮಾಡುವುದು ನಿಜ. ಕಾಡಿನಲ್ಲಿ ಹಣ್ಣು ಹೆಚ್ಚಾದರೆ ಮಂಗ ತೋಟಕ್ಕೆ ಬರುವುದಿಲ್ಲ ಎಂಬ ಭರವಸೆಯನ್ನೂ ಕೊಡಬೇಡಿ, ಬಾಳೆಗೊನೆಯ ರುಚಿ ಹತ್ತಿದ ಮಂಗ ಬರುತ್ತದೆ. ಮುಚ್ಚಿದ ಜಾಗವನ್ನು ತೋಟ, ಗದ್ದೆಯ ಅಂಚಿನಿಂದ ದೂರ ಇಡಿ. ಅಂಚಿಗೆ ಕಾವಲು ಸರದಿ ಇರಲಿ. ಹಾನಿಯಾದ ಮನೆಯವರ ಅರ್ಜಿ ಬರೆದು, ಫೋಟೊ ಹಚ್ಚಿ, ಇಲಾಖೆಗೆ ಮುಟ್ಟಿಸುವ ಕೆಲಸ ಸಂಘದ್ದಾಗಲಿ. ನಷ್ಟ ಒಬ್ಬನದು, ಕಾಡು ಎಲ್ಲರದು ಅಂತಾದರೆ ಆ ಒಬ್ಬ ಮುಂದಿನ ಮಾರ್ಚ್‌ನಲ್ಲಿ ಕಡ್ಡಿ ಗೀರಬಹುದು. ನಮ್ಮಲ್ಲಿ ಒಮ್ಮೆ ಹಾಗೆ ಆಗಿದೆ.

ಮುಂದಿನ ಏಪ್ರಿಲ್‌ನಲ್ಲಿ ಅದೇ ಬಕೆಟ್, ಅದೇ ಒರತೆ. ಮೊದಲ ವರ್ಷ ಲೆಕ್ಕದಲ್ಲಿ ಏನೂ ವ್ಯತ್ಯಾಸ ಕಾಣದಿರಬಹುದು. ನಮ್ಮ ನೋಟ್‌ಬುಕ್ಕಿನಲ್ಲಿ ಎರಡನೇ ವರ್ಷದ ನೀರು ಮೊದಲಿಗಿಂತ ಕಡಿಮೆ ಇದೆ, ಆ ವರ್ಷ ಮಳೆಯೇ ಕೈಕೊಟ್ಟಿತ್ತು. ಅದನ್ನೂ ಹಾಗೇ ಬರೆದಿದ್ದೇವೆ, ಪಕ್ಕದಲ್ಲಿ ಆ ವರ್ಷದ ಮಳೆ ಎಷ್ಟು ಎಂದೂ ಬರೆದಿದ್ದೇವೆ. ನೀವೂ ಎರಡನ್ನೂ ಬರೆಯಿರಿ. ಬಕೆಟ್ ಹಿಡಿಯಲು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ. ಸೆಕೆಂಡ್ ಎಣಿಸುವುದರಲ್ಲಿ ಅವರು ನಮಗಿಂತ ಚುರುಕು.